ಚಕ್ಕುಲಿಯ ಮೇಲಿನ ಆಣೆ

ಮೂಡುಬಿದಿರೆ
೧೪ ನವೆಂಬರ್ ೨೦೨೪

ನರಿಕೊಂಬಿನ ರಾಜೀವಿ ಅತ್ತೆಗೆ, ನಿಮ್ಮ ಹಿರಿಸೊಸೆ ಅಶ್ವಿತಾಳ ಪ್ರೀತಿಯ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ. ದೀಕ್ಷಾ ಕಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಾಳೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಕಿರಿಸೊಸೆಯ ಸ್ವರ ನಿಮಗೆ ಯಾವಾಗಲೂ ಹಿತ.

ನಿಮಗೆ ಕಥೆಯೆಂದರೆ ಇಷ್ಟವಲ್ಲವೇ, ಕಥೆಯ ಹಾಗೆಯೇ ಹೇಳುತ್ತೇನೆ. ಒಂದೂರಿನಲ್ಲಿ ಒಬ್ಬಳು ಅಜ್ಜಿ. ಅವಳಿಗೆ ಮೋಕ್ಷಿತ ಎಂಬ ಪುಟ್ಟ ಮೊಮ್ಮಗ. ಗೋಧಿ ಹೊಟ್ಟೆಗೆ ಹೋದರೆ ಅವನ ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಡಾಕ್ಟರು ಹೇಳಿದರು, ತಾಯಿ ಹೇಳಿದಳು. ಅಜ್ಜಿ ಮಾತ್ರ ಮನೆಗೆ ಬಂದವರೆದುರೆಲ್ಲ, "ಗೋಧಿ ತಿಂದರೆ ಸಾಯುವುದುಂಟಾ ಮಾರಾಯ್ತಿ? ಇದು ಮೂಡುಬಿದಿರೆಯವರ ಮುದ್ದಿನ, ಕೊಂಗಾಟದ ಕಾಯಿಲೆ" ಎಂದು ನಗುತ್ತಿದ್ದಳು.

ಚೌತಿಗೆ ಅಜ್ಜಿ ಅಕ್ಕಿಹಿಟ್ಟಿನ ಚಕ್ಕುಲಿ ಮಾಡಿದಳು. ಮೊಮ್ಮಗ ಆಸೆಯಿಂದ ತಿಂದ. ಪಾಣೆಮಂಗಳೂರು ಸೇತುವೆ ದಾಟುವಾಗ ಅವನು ನನ್ನ ಮಡಿಲಲ್ಲಿ ನೀಲಿಯಾಗಿದ್ದ.

ಮಗು ಆಸ್ಪತ್ರೆಯಲ್ಲಿ ಬದುಕಿಕೊಂಡಿತು. ಮನೆಗೆ ಬಂದು ನಾನು ಕೇಳಿದ್ದು ಒಂದೇ ಮಾತು: ಹಿಟ್ಟಿಗೆ ಗೋಧಿ ಬೆರೆಸಿದ್ದೀರಾ? ನೀವು ಮಿಂದು ಬಂದು ಮನೆದೈವ ಗುಳಿಗನ ಕಟ್ಟೆಯ ಮೇಲೆ ಕೈ ಇಟ್ಟಿರಿ. "ಇದರಲ್ಲಿ ಒಂದು ಚೂರು ಗೋಧಿ ಇದ್ದರೆ ಗುಳಿಗ ನನ್ನ ಎರಡೂ ಕಣ್ಣು ತೆಗೆಯಲಿ" ಎಂದಿರಿ. ಆಮೇಲೆ ಕೇಳಬೇಕೇ? ಕುಟುಂಬದವರಿಗೆಲ್ಲ ನಾನು ದೈವಕ್ಕೂ ಅಂಜದ ಹೆಂಗಸಾದೆ. ನಿಮ್ಮ ಮಗ ವೇಣುಗೋಪಾಲ ನನ್ನನ್ನೂ ಮಗುವನ್ನೂ ಅಂದೇ ತವರಿಗೆ ತಂದು ಬಿಟ್ಟು ಹೋದರು.

ಉಳಿದ ಚಕ್ಕುಲಿಯನ್ನು ನಾನು ಲ್ಯಾಬಿಗೆ ಕಳುಹಿಸಿದ್ದೆ. ಕಾಳನ್ನು ಹುಡಿ ಮಾಡಲಿ, ಎಣ್ಣೆಯಲ್ಲಿ ಕರಿಯಲಿ, ಅದರ ಹುಟ್ಟಿನ ಗುರುತು ಒಳಗೆ ಉಳಿದಿರುತ್ತದಂತೆ. ಡಿಎನ್‌ಎ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟಿದ್ದರೂ ಅದನ್ನೇ ಹೆಚ್ಚಿಸಿ ಹೆಚ್ಚಿಸಿ ತೋರಿಸುವ ಯಂತ್ರ ಉಂಟು. ಮೊನ್ನೆ ವರದಿ ಬಂತು. ಗೋಧಿ ಉಂಟು, ಅತ್ತೆ.

ನಿಮ್ಮ ಎಡಗಣ್ಣೂ ಮಂಜಾಗುತ್ತಿದೆ ಎಂದು ಕೇಳಿದೆ. ಡಾಕ್ಟರು ಪೊರೆ ಎನ್ನುತ್ತಾರಂತೆ. ನಾನೇನೂ ಹೇಳುವುದಿಲ್ಲ.

ಬರುವ ತಂಬಿಲಕ್ಕೆ, ದೈವದ ಸೇವೆಗೆಂದು ಕುಟುಂಬದವರೆಲ್ಲ ಸೇರುತ್ತಾರಲ್ಲ, ಆಗ ಅದೇ ಕಟ್ಟೆಯೆದುರು ನಿಂತು, ನಾನು ಸುಳ್ಳು ಆಣೆ ಹಾಕಿದೆ ಎಂದು ಹೇಳಿ. ಅಂದೇ ಮೊಮ್ಮಗನನ್ನು ನಿಮ್ಮ ಮಡಿಲಿಗೆ ಹಾಕುತ್ತೇನೆ. ಹೇಳದಿದ್ದರೆ, ಅವನು ಅಜ್ಜಿಯಿಲ್ಲದೆಯೂ ಬೆಳೆಯುತ್ತಾನೆ.

ತಂಪು ಗಾಳಿಗೆ ಹೊರಗೆ ಕೂರಬೇಡಿ.

ನಿಮ್ಮ ಸೊಸೆ,
ಅಶ್ವಿತಾ

ದೀಕ್ಷಾ, ಸಹಿಯ ಕೆಳಗಿನದು ನಿನಗೆ ಮಾತ್ರ, ಓದಿ ಹೇಳಬೇಡ. ಹಿಟ್ಟಿನ ಮಿಲ್ಲಿನ ಜತ್ತಪ್ಪಣ್ಣನನ್ನು ಕಂಡು ಬಂದೆ. ಚೌತಿಗೆ ಅಕ್ಕಿ ತಂದವಳು ನೀನಂತೆ. "ಮಿಶಿನು ಖಾಲಿ ಉಂಟು, ಹಾಕುವ ಅಂದೆ. ಬೇಡ ಅಣ್ಣ, ಇವರ ಗೋಧಿ ಆಗಲಿ, ಅದರ ಹಿಂದೆಯೇ ಹಾಕಿ ಅಂತ ಕಾದು ಕೂತಳು, ಭಾರೀ ಜಾಣೆ!" ಎಂದು ನಕ್ಕರು. ಖಾಲಿ ಕಲ್ಲು ಮೊದಲು ಬಿದ್ದ ಹಿಟ್ಟನ್ನು ತಿನ್ನುತ್ತದೆ, ಇನ್ನೊಬ್ಬರ ಹಿಂದೆ ಹಾಕಿದರೆ ನಮ್ಮದು ಪೂರ್ತಿ ಸಿಗುತ್ತದೆ ಎಂದು ನಮಗಿಬ್ಬರಿಗೂ ಕಲಿಸಿದವರು ಅತ್ತೆಯೇ. ಕಲ್ಲಿನಲ್ಲಿ ಉಳಿದ ಗೋಧಿ ನಮ್ಮ ಅಕ್ಕಿಗೆ ಬಂತು. ಅತ್ತೆ ಏನೂ ಬೆರೆಸಲಿಲ್ಲ. ತಮಗೆ ತಿಳಿದ ಸತ್ಯವನ್ನೇ ಆಣೆ ಹಾಕಿ ಹೇಳಿದರು. ಆಗ ನೀನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಹೊಳೆದಿತ್ತು, ನಿನ್ನ ಮುಖ ನೋಡಿದವಳು ನಾನು. ಅಂದು ಬಾಯಿ ಬಿಡಲಿಲ್ಲ, ಈಗಲೂ ಬಿಡಬೇಡ. ಬಿಟ್ಟರೆ ಕಟ್ಟೆಯೆದುರು ನಿಲ್ಲಬೇಕಾದವಳು ನೀನು. ಅತ್ತೆ ಅಳತೊಡಗಿದರೆ ಸ್ವಲ್ಪ ನಿಲ್ಲಿಸು, ಸೆರಗಿನಿಂದ ಮುಖ ಒರೆಸು, ಮತ್ತೆ ಮೊದಲಿನಿಂದ ಓದು.