ಚಿನ್ನ ಅದ್ದಿದ ನೀರು

ಪೋಖರಾ
ಆಷಾಢ ೧೨, ಮಂಗಳವಾರ

ಹಿಕ್ಮತಣ್ಣನಿಗೆ ತುಲಸಾಳ ನಮಸ್ಕಾರ.

ಕಠ್ಮಂಡುವಿನ ಕಾಲೇಜು ಕೊಡುತ್ತೇವೆ ಎಂದದ್ದು: ಮನಶ್ಶಾಸ್ತ್ರದ ಎಂ.ಎ.ಯಲ್ಲಿ ದಲಿತರಿಗೆ ಮೀಸಲಾದ ಒಂದು ಸೀಟು. ಕೊಟ್ಟದ್ದು: ಕಾಯುವವರ ಸಾಲಿನಲ್ಲಿ ಜಾಗ.

ನಾನು ಕೆಲಸ ಮಾಡುವ ಆಸ್ಪತ್ರೆ ಕೊಡುತ್ತೇವೆ ಎಂದದ್ದು: ಆಪ್ತಸಲಹೆಯ ಕೋಣೆಯ ಬಾಗಿಲಿಗೆ ನನ್ನ ಹೆಸರು. ಕೊಟ್ಟದ್ದು: ಬರೀ ‘ತುಲಸಾ’. ಪರಿಯಾರ್ ಎಂಬ ಅಡ್ಡಹೆಸರಿಗೆ ಹಲಗೆಯಲ್ಲಿ ಜಾಗ ಸಾಲಲಿಲ್ಲವಂತೆ.

ನೀನು ಕೊಡುತ್ತೇನೆ ಎಂದದ್ದು: ಜಾತಿ ಕೇಳದ ದೇಶ. ಅದು ನಿನ್ನ ಕೈಯಲ್ಲಿದೆಯೇ ಎಂಬುದನ್ನು ಮುಂದೆ ಬರೆಯುತ್ತೇನೆ.

ನಿನ್ನ ಸಂದೇಶಗಳಿಗೆ ಇಷ್ಟು ದಿನ ಉತ್ತರಿಸಲಿಲ್ಲ, ಕ್ಷಮಿಸು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಜಗಳಕ್ಕೆ ನಿಲ್ಲುತ್ತೇನೆ. ಅದಕ್ಕೇ ಕಾಗದ. ನನ್ನ ಗೆಳತಿ ರಮಿಲಾ ನಾಳೆ ಸಿಡ್ನಿಗೆ ಹೊರಡುತ್ತಾಳೆ, ಅವಳೇ ತಂದುಕೊಡುತ್ತಾಳೆ. ಜೊತೆಗೆ ಅಮ್ಮ ಸೊಪ್ಪು ಹುಳಿ ಬರಿಸಿ ಒಣಗಿಸಿದ ಗುಂದ್ರುಕ್ ಇದೆ. ಅದರ ವಾಸನೆ ವಿಮಾನವೆಲ್ಲ ತುಂಬಿದರೆ ನಿನ್ನ ಹೆಸರು ಹೇಳಲು ಅವಳಿಗೆ ಹೇಳಿದ್ದೇನೆ. ಅಪ್ಪನ ಕಣ್ಣಿನ ಪೊರೆ ತೆಗೆಸಿದೆವು. ಈಗ ಸೂಜಿಗೆ ತಾವೇ ದಾರ ಪೋಣಿಸಿಕೊಳ್ಳುತ್ತಾರೆ.

ಕಾಲೇಜಿನ ಕಥೆ ಕೇಳು. ಸಂದರ್ಶನದಲ್ಲಿ ಪ್ರೊಫೆಸರರು ನನ್ನ ಅಂಕ ನೋಡಿ ತಲೆದೂಗಿದರು. ಅಡ್ಡಹೆಸರು ನೋಡಿದ ಮೇಲೆ ಕನ್ನಡಕ ತೆಗೆದಿಟ್ಟರು. “ಬುದ್ಧಿವಂತೆ ಇದ್ದೀಯ ಮಗು. ಆದ್ರೆ ರೋಗಿಗಳು ನಿನ್ನ ಹತ್ರ ಬಾಯಿ ಬಿಡ್ತಾರಾ? ನಿನ್ನ ಒಳ್ಳೇದಕ್ಕೇ ಹೇಳ್ತೀನಿ, ಹೊರದೇಶಕ್ಕೆ ಹೋಗ್ಬಿಡು.” ಒಳ್ಳೆಯ ಮಾತಿನಲ್ಲೇ ಹೊರಗೆ ಹಾಕುವುದನ್ನು ಇವರಿಂದ ಕಲಿಯಬೇಕು. ನನ್ನನ್ನು ಕಾಯುವವರ ಪಟ್ಟಿಗೆ ತಳ್ಳಿದಾಗ ನಮ್ಮ ದಲಿತ ಸಂಘದ ಗೆಳೆಯರೆಲ್ಲ ಸೇರಿ ಕಾಲೇಜಿನ ಗೇಟಿಗೆ ಅಡ್ಡ ಕೂತೆವು. “ಏಳ್ರಿ, ಮಳೆ ಬರ್ತಿದೆ,” ಎಂದ ಪೊಲೀಸಿನವನಿಗೆ ರಮಿಲಾ, “ಎದ್ರೆ ಸೀಟು ಹೋಗುತ್ತೆ ಸಾರ್,” ಎಂದಳು. ಅವನಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಪಟ್ಟಿ ಬದಲಾಯಿತು. ಸೀಟು ನನ್ನದಾಯಿತು.

ಸೀಟು ಸಿಕ್ಕ ಮೇಲೂ ನನ್ನ ಮನಸ್ಸು ಸಿಡ್ನಿಯ ಕಡೆಗೇ ವಾಲಿತ್ತು, ಅಣ್ಣ. ನೀನು ಓಡಾಡಿ ಅಲ್ಲಿ ಪ್ರವೇಶ ಕೊಡಿಸಿದ್ದೆ. ದಿನಾ ಬಡಿದಾಡಿ ನನಗೂ ಸಾಕಾಗಿತ್ತು. ಅಷ್ಟರಲ್ಲಿ ಒಂದು ಸಂಗತಿ ನಡೆಯಿತು.

ಆಸ್ಪತ್ರೆಗೆ ಒಬ್ಬ ತಾಯಿ ಬರುತ್ತಾಳೆ. ಬ್ರಾಹ್ಮಣರವಳು. ಹೆಸರು ಹೇಳುವಂತಿಲ್ಲ, ಅದು ನನ್ನ ಕೆಲಸದ ಕಟ್ಟಳೆ. ಮಲೇಶಿಯಾಕ್ಕೆ ದುಡಿಯಲು ಹೋದ ಮಗ ಪೆಟ್ಟಿಗೆಯಲ್ಲಿ ವಾಪಸು ಬಂದ. ಅಂದಿನಿಂದ ಊಟವಿಲ್ಲ, ನಿದ್ದೆಯಿಲ್ಲ. ಮೊದಲು ನೀರು, ಆಮೇಲೆ ಮಾತು ಎಂದು ನಮಗೆ ಕಲಿಸಿದ್ದಾರೆ. ಅವಳು ಬಂದಾಗಲೆಲ್ಲ ನನ್ನ ಕೈಯಿಂದ ಲೋಟ ತೆಗೆದುಕೊಂಡು ಕುಡಿದಳು, ಅತ್ತಳು, ಹಗುರಾದಳು. ಮುಖಕ್ಕೆ ಸ್ವಲ್ಪ ಬಣ್ಣ ಬಂದ ಮೇಲೆ ಒಂದು ದಿನ ಕೇಳಿದಳು: “ಮಗಳೇ, ನಿಮ್ಮ ಮನೆತನ ಯಾವ್ದು? ನನ್ನ ತಮ್ಮನ ಮಗ ಇದ್ದಾನೆ, ಬ್ಯಾಂಕಲ್ಲಿ ಕೆಲಸ. ನಿನ್ನಂಥ ಸೊಸೆ ಬೇಕು ನಮಗೆ.”

“ಪರಿಯಾರ್, ಅಮ್ಮಾ,” ಎಂದೆ.

ಲೋಟ ಅವಳ ಕೈಯಲ್ಲೇ ಉಳಿಯಿತು. ನಮ್ಮ ದರ್ಜಿ ಕೈ ಹೊಲಿದ ಬಟ್ಟೆ ಅವರಿಗೆ ಆಗುತ್ತದೆ, ದೇವರಿಗೆ ಉಡಿಸುವುದಕ್ಕೂ ಆಗುತ್ತದೆ. ನೀರು ಆಗುವುದಿಲ್ಲ.

ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದಳು, ಚೀಲದಲ್ಲಿ ತನ್ನದೇ ನೀರಿನ ಬಾಟಲಿ ಇಟ್ಟುಕೊಂಡು! ನನ್ನ ಕಿವಿ ಬೇಕು, ಕೈ ಬೇಡ. ಎದ್ದು ಹೋಗು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ತಲೆ ತಗ್ಗಿಸಿ ಹೇಳಿದಳು: “ಇಲ್ಲಿಂದ ಮನೆಗೆ ಹೋದ್ರೆ ನಮ್ಮತ್ತೆ ಚಿನ್ನದುಂಗುರ ಅದ್ದಿದ ನೀರು ಚಿಮುಕಿಸ್ತಾರೆ, ಶುದ್ಧ ಆಗ್ಲಿ ಅಂತ. ನಾನೂ ತಲೆ ಕೊಟ್ಟು ನಿಲ್ತೀನಿ. ನೀರು ಬಿದ್ದ ಕೂಡ್ಲೇ ಎದೆ ಡವಡವ ಅನ್ನುತ್ತೆ. ಅವತ್ತು ನಿದ್ದೆ ಬರಲ್ಲ. ಇದ್ಯಾವ ಕಾಯಿಲೆ ಮಗಳೇ?”

ಅವಳು ಹೋದ ಮೇಲೆ ಉತ್ತರ ಹುಡುಕಲು ಕೂತೆ. ಪುಸ್ತಕಗಳನ್ನು ತಿರುವಿದೆ. ಜಾತಿಯ ಮಾತು ಬಂದ ಕಡೆಯೆಲ್ಲ ನಮ್ಮ ಕೀಳರಿಮೆಯನ್ನೇ ಅಳೆದು ಸುರಿದಿದ್ದಾರೆ. ಮುಟ್ಟಿಸಿಕೊಳ್ಳದವರ ಮನಸ್ಸು ಕೆಟ್ಟಿದೆಯೇ ಎಂದು ಒಬ್ಬನೂ ನಾಡಿ ಹಿಡಿದು ನೋಡಿಲ್ಲ. ಸಾಕು. ಇನ್ನು ಪರೀಕ್ಷೆಗೆ ಅವರು ಕೂರಲಿ, ನಾಡಿ ಹಿಡಿಯುವವಳು ನಾನು. ಈ ಕಾಯಿಲೆ ಇರುವ ಊರಿನಲ್ಲೇ ಇದರ ವಿದ್ಯೆ ಕಲಿಯುತ್ತೇನೆ. ನಾನು ಸಿಡ್ನಿಗೆ ಬರುವುದಿಲ್ಲ, ಅಣ್ಣ. ಕಠ್ಮಂಡುವಿಗೆ ಹೋಗುತ್ತೇನೆ.

ಹೊರದೇಶದ ವಿದ್ಯೆ ಕೀಳು ಎಂದು ನಾನು ಹೇಳುತ್ತಿಲ್ಲ. ಒಂದು ದಿನ ಅಲ್ಲಿಗೂ ಬಂದು, ಇಲ್ಲಿ ಕಲಿತದ್ದನ್ನು ಅವರಿಗೆ ಪಾಠ ಹೇಳುತ್ತೇನೆ, ನೋಡುತ್ತಿರು. ಆದರೆ ನಿನ್ನ ಷರತ್ತು ನೆನಪಿದೆಯಾ? “ಬಾ ತಂಗಿ. ಇಲ್ಲಿ ನಮ್ಮ ನೇಪಾಳದ ಹುಡುಗರು ಕೇಳಿದ್ರೆ ಅಡ್ಡಹೆಸರು ಅಧಿಕಾರಿ ಅಂದ್ಬಿಡು, ಮೇಲ್ಜಾತಿ ಅಂದ್ಕೊಳ್ತಾರೆ, ನಾನೂ ಹಾಗೇ ಹೇಳ್ಕೊಂಡಿದ್ದೀನಿ. ಯಾಕೆ ಸುಮ್ನೆ ರಗಳೆ?” ಕೇಳದ ದೇಶದಲ್ಲಿ ಸುಳ್ಳು ಯಾಕಣ್ಣ ಹೇಳಬೇಕು?

ಆ ತಾಯಿ ಈಗಲೂ ಬರುತ್ತಾಳೆ. ನಾನು ಎಂದಿನಂತೆ ನೀರು ತುಂಬಿ ಅವಳ ಮುಂದಿಡುತ್ತೇನೆ. ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಲೋಟವನ್ನೇ ನೋಡುತ್ತಾಳೆ. ಹೋದ ವಾರ ಎರಡನ್ನೂ ಮುಟ್ಟದೆ, ಒಣಗಂಟಲಲ್ಲೇ ಮಾತಾಡಿ ಎದ್ದುಹೋದಳು. ಬಾಗಿಲ ಹಲಗೆಯನ್ನು ನಾನು ಕಳಚಿದ್ದೇನೆ. ಇಡೀ ಹೆಸರು ಬರೆಸಿ ನಾನೇ ಮೊಳೆ ಹೊಡೆಯುತ್ತೇನೆ.

ಅಪ್ಪ, ಅಮ್ಮ ಆಶೀರ್ವಾದ ಹೇಳಿದ್ದಾರೆ. ಚಳಿಗಾಲ ಶುರುವಾಗಿದೆಯಂತೆ ಅಲ್ಲಿ, ಎದೆ ಮುಚ್ಚುವ ಹಾಗೆ ಹೊದ್ದುಕೋ. ನೀನು ನೂರು ಕಾಲ ಬಾಳು.

ನಿನ್ನ ತಂಗಿ
ತುಲಸಾ ಪರಿಯಾರ್

ಮತ್ತೊಂದು ಮಾತು. ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ, ಇದನ್ನು ಬರೆಯುವುದಕ್ಕೇ ಕೂತದ್ದು. ಕಳೆದ ದಸರೆಯಲ್ಲಿ ನೀನು ವಿಡಿಯೋದಲ್ಲಿ ಮಾತಾಡುತ್ತಿದ್ದಾಗ ನಿನ್ನ ಮನೆಯಲ್ಲಿ ಜೊತೆಗಿರುವ ನೇಪಾಳದ ಹುಡುಗರು ಒಳಗೆ ಬಂದರು. “ತುಲಸಾ, ಫೋನ್ ಆ ಕಡೆ ತಿರುಗ್ಸು, ಮಿಷನ್ ಕಾಣ್ತಿದೆ,” ಎಂದು ನೀನು ದನಿ ತಗ್ಗಿಸಿ ಹೇಳಿದೆ. ನಾನು ತಿರುಗಿಸುವಷ್ಟರಲ್ಲಿ ಅಪ್ಪ ಕೇಳಿಸಿಕೊಂಡಿದ್ದರು. ಅಂದಿನಿಂದ ನಿನ್ನ ಫೋನ್ ಬಂದಾಗಲೆಲ್ಲ ಅಪ್ಪ ತುಳಿಯುವ ಕಾಲು ನಿಲ್ಲಿಸಿ, ಎದ್ದು, ಹೊಲಿಗೆ ಮಿಷನ್ನಿಗೆ ಅಮ್ಮನ ಹಳೇ ಸೀರೆ ಹೊದಿಸುತ್ತಾರೆ. ಆಮೇಲೆ ನಗುತ್ತಾ ನಿನ್ನ ಮುಂದೆ ಬಂದು ಕೂರುತ್ತಾರೆ. ನಾನು ಸಿಡುಕಿದರೆ, “ಇರ್ಲಿ ಬಿಡಮ್ಮ, ಅವನು ಅಲ್ಲಿ ನಾಲ್ಕು ಜನರ ಮಧ್ಯೆ ಬದುಕ್ಬೇಕು,” ಎನ್ನುತ್ತಾರೆ.

ನಮ್ಮ ಮನೆಯಲ್ಲೇ ಚಿನ್ನದ ನೀರು ಚಿಮುಕಿಸಿದೆಯಲ್ಲ ಅಣ್ಣ.

ಆ ಸೀರೆಯನ್ನು ಇವತ್ತು ಹರಿದು ನೆಲ ಒರೆಸಲು ಹಾಕಿದ್ದೇನೆ. ಬರುವ ಶನಿವಾರ ಫೋನ್ ಮಾಡು. ನಿನ್ನ ಮನೆಯ ಹುಡುಗರೂ ಪಕ್ಕದಲ್ಲಿರಲಿ. ಅಪ್ಪ ಹೊಲಿಯುತ್ತಿರುತ್ತಾರೆ, ನಾನು ಫೋನ್ ತಿರುಗಿಸುವುದಿಲ್ಲ. ಶನಿವಾರ, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ಗಂಟೆಗೆ.