ಸೀರೆಯ ಚೀಟಿಗಳು

ವಾಮದಪದವು
12-2-1999

ಝುಬೈರ್‌ರವರಿಗೆ ಸಬೀಹಾಳ ಸಲಾಂ.

ಪ್ರತಿ ಸಲ ‘ಪ್ರೀತಿಯ’ ಎಂದು ಬರೆದೇ ಶುರು ಮಾಡುವವಳು ನಾನು. ಈ ಸಲ ಕೈ ಬರಲಿಲ್ಲ.

ಜುವೈರಿಯಾ ಚಿತ್ರದಲ್ಲಿ ಎಲೆಗಳಿಗೆಲ್ಲ ಕಂದು ಬಳಿದದ್ದು ನೋಡಿ, ಮಗಳ ಕಣ್ಣು ತೋರಿಸಿ ಎಂದು ಟೀಚರ್ ಹೇಳಿ ಕಳಿಸಿದರು. ಮೂಡಬಿದ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಚುಕ್ಕಿಗಳ ಪುಸ್ತಕ ಹಿಡಿದರು. ಅದರೊಳಗಿನ ಅಂಕಿ ನನಗೆ ದೂರದಿಂದಲೇ ಕಾಣ್ತಿತ್ತು, ಮಗುವಿಗೆ ಕಾಣಲಿಲ್ಲ. ಕಣ್ಣಿನ ಹಿಂದಿನ ಪರದೆಯಲ್ಲಿ ಬಣ್ಣ ಹಿಡಿಯುವ ಶಂಕುವಿನಂಥ ಕೋಶಗಳುಂಟಂತೆ, ಅವು ಎಲ್ಲರಲ್ಲಿ ಒಂದೇ ರೀತಿ ಇರುವುದಿಲ್ಲವಂತೆ. ಇವಳಿಗೆ ಕೆಂಪು ಹಸಿರು ಬೇರೆ ಮಾಡಲು ಆಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ಅಪರೂಪ, ತಾಯಿಯ ಕಡೆಯಿಂದಲೂ ಬಂದಿರಬೇಕು, ತಂದೆಗಂತೂ ಇದ್ದೇ ಇರಬೇಕು ಎಂದರು. ನಾನು ನಗಾಡಿದೆ. ಸೀರೆಯ ಬಣ್ಣ ಆರಿಸುವುದರಲ್ಲಿ ನನ್ನ ಗಂಡ ಎತ್ತಿದ ಕೈ ಎಂದೆ.

ಬಸ್ಸಿನಲ್ಲಿ ಬರುವಾಗ ಚೀಟಿಗಳು ನೆನಪಾದವು. ನೀವು ದುಬೈಯಿಂದ ತಂದ ಪ್ರತಿ ಸೀರೆಗೂ ಪಿನ್ನು ಹಾಕಿದ ಚೀಟಿ. ಅದರಲ್ಲಿ ಬಣ್ಣದ ಹೆಸರು: ಹಸಿರು, ಮೆರೂನ್. ಅಲ್ಲಿಯ ಅಂಗಡಿಯವರ ಪದ್ಧತಿ ಎಂದುಕೊಂಡಿದ್ದೆ. ಅಕ್ಷರ ಕನ್ನಡದ್ದು ಎಂದು ಕೂಡ ಯೋಚಿಸಲಿಲ್ಲ, ಎಂಥ ಮಂಡೆ ನನ್ನದು! ರಜೆಯಲ್ಲಿ ಬಂದಿರುವ ನಿಮ್ಮ ರೂಮಿನ ಹನೀಫಾನನ್ನು ಕೇಳಿದೆ. ಬರೆದದ್ದು ತಾನೇ ಎಂದ. ರೂಮಿನ ಆರು ಜನರಿಗೂ ಗೊತ್ತುಂಟಂತೆ. ಹದಿನಾಲ್ಕು ವರ್ಷದಿಂದ ಹೆಂಡತಿಯಾಗಿರುವವಳಿಗೆ ಮಾತ್ರ ಗೊತ್ತಿಲ್ಲ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಕಳೆದ ಸಲ ನೀವು ಬಂದಿದ್ದಾಗ, ಹಣ್ಣುಮೆಣಸು ಕೊಯ್ದು ತಾ ಎಂದರೆ ಇವಳು ಬುಟ್ಟಿ ತುಂಬ ಹಸಿಮೆಣಸು ತಂದಳಲ್ಲ. ಹಠ ಎಂದು ಸೌಟಿನಲ್ಲಿ ಹೊಡೆದೆ. ‘ಅದು ಹಣ್ಣೇ ಉಮ್ಮಾ’ ಎಂದಳು. ಸುಳ್ಳು ಬೇರೆ ಹೇಳ್ತಾಳೆ ಎಂದು ಇನ್ನೆರಡು ಕೊಟ್ಟೆ. ನೀವು ಜಗಲಿಯಲ್ಲಿ ಚಾ ಕುಡಿಯುತ್ತ ಕೂತಿದ್ದಿರಿ. ಮನೆಯಲ್ಲಿ ನಿಮಗೊಬ್ಬರಿಗೇ ವಿಷಯ ಗೊತ್ತಿದ್ದದ್ದು. ಗ್ಲಾಸು ಕೆಳಗಿಟ್ಟು ಮಸೀದಿಗೆ ಹೋದಿರಿ. ನಿಮ್ಮ ನಾಚಿಕೆ ಮುಚ್ಚಿಕೊಳ್ಳಲು ನನ್ನ ಕೈಯಿಂದ ಮಗುವಿಗೆ ಪೆಟ್ಟು ಕೊಡಿಸಿದಿರಿ. ಅದನ್ನು ನಾನು ಕ್ಷಮಿಸಲಾರೆ.

ನನ್ನ ಕಡೆಯದ್ದನ್ನು ನಾನು ಮುಚ್ಚಿಡುವುದಿಲ್ಲ. ಕನ್ಯಾನಕ್ಕೆ ಹೋಗಿ ನನ್ನ ಉಮ್ಮನನ್ನು ಕೇಳಿದೆ. ಅವರ ತಂದೆಗೂ ಹೀಗೆಯೇ ಇತ್ತಂತೆ.

ಇನ್ನು ಸೀರೆ ತರುವುದು ಬೇಡ.

ಸಬೀಹಾ

ತಾ.ಕ.: ಜುವೈರಿಯಾಳಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವಳ ಕ್ರೇಯಾನ್‌ಗಳಿಗೆ ಈಗ ನಾನೇ ಹೆಸರಿನ ಚೀಟಿ ಅಂಟಿಸಿದ್ದೇನೆ. ಉಪ್ಪನಿಗೂ ತನ್ನ ಹಾಗೆಯೇ ಕಾಣುವುದೆಂದು ಅವಳಿಗೆ ಮೊದಲು ಖುಷಿಯೇ ಆಯಿತು. ಆಮೇಲೆ ಕೇಳಿದಳು: ‘ಹಾಗಾದರೆ ಆ ಮೆಣಸು ಉಪ್ಪನಿಗೂ ಹಣ್ಣೇ ಕಂಡಿರಬೇಕಲ್ಲ, ಯಾಕೆ ಹೇಳಲಿಲ್ಲ?’ ಉತ್ತರವನ್ನು ಅವಳ ಹೆಸರಿಗೇ ಬರೆಯಿರಿ.