ಖಾಲಿ ಪಾರ್ಕಿನಲ್ಲಿ ಅಪ್ಪನ ಸುತ್ತು

ಪ್ರೀತಿಯ ತಮ್ಮಾ,

ಇಲ್ಲಿ ಎಲ್ಲರೂ ಆರಾಮ. ನಿನ್ನೆ ಅಪ್ಪನನ್ನು ಈ ಊರಿನ ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಈಗ ಸೀಸನ್ ಅಲ್ಲ, ಅರ್ಧಕ್ಕರ್ಧ ಆಟ ಬಂದ್, ಟಿಕೆಟ್ ಮಾತ್ರ ಪೂರ್ತಿ! "ಇದು ಹಗಲು ದರೋಡೆ ಕಣ್ರೀ" ಎಂದು ನಿನ್ನ ಭಾವ ಕೌಂಟರಿನಲ್ಲೇ ಕೂಗಾಡಿದರು. ನಾನೂ ದನಿಗೂಡಿಸಿದೆ.

ಮುಂದೆ ಆಗಿದ್ದು ಕೇಳು. ಲಕ್ವ ಹೊಡೆದ ಮೇಲೆ ಅಪ್ಪ ಸಾಲು ನಿಲ್ಲುವ ಕಡೆಗೆಲ್ಲ ಬರುವುದನ್ನೇ ಬಿಟ್ಟಿದ್ದರಲ್ಲ? ಹಿಂದಿನವರು ಅವಸರ ಮಾಡಿದರೆ ಕಾಲು ಇನ್ನಷ್ಟು ತಡವರಿಸುತ್ತದೆ ಎಂದು ಅವರಿಗೆ ಭಯ. ಇಲ್ಲಿ ಜಯಂಟ್ ವೀಲ್ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅದನ್ನು ಓಡಿಸುವ ಹೆಂಗಸು ಚಕ್ರವನ್ನು ಪೂರಾ ನಿಲ್ಲಿಸಿ, ತೊಟ್ಟಿಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿಧಾನಕ್ಕೆ ಹತ್ತಿ ಯಜಮಾನ್ರೇ, ನಿಮ್ಮ ಹಿಂದೆ ಯಾರೂ ಇಲ್ಲ" ಅಂದಳು. ಅಪ್ಪ ನಿಜವಾಗಿಯೂ ತಿರುಗಿ ನೋಡಿದರು. ನೋಡಿ, ನನ್ನ ಕೈ ಬಿಡಿಸಿಕೊಂಡು ತಾವೇ ಹತ್ತಿದರು!

ನಾನೂ ಹಿಂದೆಯೇ ಹತ್ತಿ ಕೂತೆ. ಅಷ್ಟು ದೊಡ್ಡ ಚಕ್ರ ನಮ್ಮಿಬ್ಬರಿಗಾಗಿ ತಿರುಗಿತು. ಕೆಳಗೆ ಇರುವೆಯಷ್ಟು ಕಾಣುತ್ತಿದ್ದ ನಿನ್ನ ಭಾವನನ್ನು ತೋರಿಸಿ ಅಪ್ಪ ಮಗುವಿನ ಹಾಗೆ ನಕ್ಕರು. ಚಕ್ರ ನಿಂತಾಗ ಆಕೆ, "ಸಾಕಾ?" ಎಂದು ಕೇಳಿದಳು. ಅಪ್ಪ ತೊದಲುತ್ತಲೇ, "ಪೂರ್ತಿ ದುಡ್ಡು ಕೊಟ್ಟಿದೀವಮ್ಮಾ, ಇನ್ನೊಂದು ಸುತ್ತು ಬಿಡು" ಅಂದರು.

ನನ್ನ ಕೇಳಿದರೆ ಆ ಟಿಕೆಟ್ಟಿಗೆ ಆ ಬೆಲೆ ನ್ಯಾಯವಾದದ್ದೇ. ನಿನ್ನ ಭಾವ ಇನ್ನೂ ಗೊಣಗುತ್ತಿದ್ದಾರೆ. ಅಪ್ಪನ ಬಿ.ಪಿ. ಹತೋಟಿಯಲ್ಲಿದೆ, ಮಾತ್ರೆ ತಪ್ಪಿಸುತ್ತಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ. ಇವತ್ತೂ ಪಾರ್ಕಿಗೆ ಹೋಗಬೇಕೆಂದು ಅಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಬೇಗ ಬಾರೇ, ಬೇಗ" ಎಂದು ನನಗೇ ಅವಸರ ಮಾಡುತ್ತಿದ್ದಾರೆ.

ನಿನ್ನ ಅಕ್ಕ